ಸಂಜೆಯ ಕುಂಬಾರಿಕೆ ತರಗತಿ: ಅದೇ ಕೋರ್ಸಿಗೆ ಮತ್ತೆ ಸೇರಲು ಕಾಲೇಜು ಬಿಡುತ್ತಿಲ್ಲ

ಮಣ್ಣಿನ ಕೈ ಕೇಳಿದ್ದಾರೆ:

ಕಾಲೇಜೊಂದರ ವಯಸ್ಕರ ಶಿಕ್ಷಣ ವಿಭಾಗದಲ್ಲಿ ಸಂಜೆ ಹೊತ್ತು ಕುಂಬಾರಿಕೆ ಕಲಿಯುತ್ತಿದ್ದೇನೆ. ಹಗಲೆಲ್ಲ ಲೆಕ್ಕಪತ್ರದ ಕೆಲಸ, ವಾರಕ್ಕೊಂದು ಸಂಜೆ ಚಕ್ರದ ಮುಂದೆ. ಐವತ್ತು ದಾಟಿದ ಮೇಲೆ ಹೊಸ ಕಸುಬಿಗೆ ಕೈಹಾಕಿದವಳನ್ನು ಮಣ್ಣು ಸತಾಯಿಸುವುದು ಸಹಜ. ಅದರ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಕಚೇರಿಯ ಬಗ್ಗೆ.

ಅಲ್ಲಿಯ ನಿಯಮದ ಪ್ರಕಾರ ಆರಂಭಿಕ ಕೋರ್ಸಿಗೆ ಯಾರೂ ಎರಡು ಅವಧಿಗಿಂತ ಹೆಚ್ಚು ಸೇರುವಂತಿಲ್ಲ. ನನ್ನ ಎರಡೂ ಅವಧಿಗಳು ಮುಗಿಯುತ್ತ ಬಂದಿವೆ. ಮತ್ತೆ ಅರ್ಜಿ ತುಂಬಲು ಹೋದರೆ ಜಾಲತಾಣವೇ ಹೆಸರನ್ನು ತಳ್ಳಿಹಾಕುತ್ತದೆ. ಕಚೇರಿಯಲ್ಲಿ ವಿಚಾರಿಸಿದರೆ ‘ನೀವು ಈಗ ಮಧ್ಯಮ ಹಂತಕ್ಕೆ ಹೋಗಬೇಕು’ ಎಂಬ ಉತ್ತರ. ಸಂತೋಷ, ಹೋಗುತ್ತೇನೆ. ಆದರೆ ಮಧ್ಯಮ ಹಂತದ ಕೋರ್ಸು ಇರುವುದು ಕೈಪಿಡಿಯಲ್ಲಿ ಮಾತ್ರ. ಕನಿಷ್ಠ ಸಂಖ್ಯೆಯಷ್ಟು ಜನ ಸೇರಲಿಲ್ಲವೆಂದು ಪ್ರತಿ ಸಲವೂ ಶುರುವಾಗುವ ಮುನ್ನವೇ ರದ್ದಾಗುತ್ತದೆ. ಜನ ಏಕೆ ಸೇರುವುದಿಲ್ಲ? ಅಷ್ಟು ಹೊತ್ತಿಗೆ ಅರ್ಧ ಜನ ಬೇಸತ್ತು ಬಿಟ್ಟುಹೋಗಿರುತ್ತಾರೆ. ಉಳಿದವರಿಗೆ ತಾವು ಮಧ್ಯಮ ಹಂತದವರೆಂದು ಹೇಳಿಕೊಳ್ಳುವ ಧೈರ್ಯ ಇರುವುದಿಲ್ಲ. ಒಂದು ಬಾಗಿಲು ಮುಚ್ಚಿದೆ, ಇನ್ನೊಂದು ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಬಾಗಿಲು.

ಎರಡು ಅವಧಿಯಲ್ಲಿ ಕಲಿತು ಮುಗಿಯುತ್ತದೆ ಎಂದು ತೀರ್ಮಾನಿಸಿದವರು ಒಮ್ಮೆ ಚಕ್ರದ ಮುಂದೆ ಕುಳಿತು ನೋಡಬೇಕು. ತಿರುಗುವ ಚಕ್ರದ ಮೇಲೆ ಮಣ್ಣಿನ ಮುದ್ದೆಯನ್ನು ಅಲುಗಾಡದಂತೆ ನಡುವಿಗೆ ತರುವುದೇ ಒಂದು ವಿದ್ಯೆ. ಮೊಣಕೈಯನ್ನು ತೊಡೆಗೆ ಊರಿ, ಎಡ ಅಂಗೈಯ ಬುಡದಿಂದ ಪಕ್ಕದಲ್ಲಿ, ಬಲಗೈಯ ಅಂಚಿನಿಂದ ಮೇಲುಗಡೆ ಒತ್ತಬೇಕು. ತೋಳಿನ ಬಲ ಸಾಲದು, ಇಡೀ ಮೈಯ ಭಾರ ಬೇಕು. ಆದರೆ ಮೈ ಅಲುಗಬಾರದು. ಕೂದಲೆಳೆಯಷ್ಟು ಆಚೀಚೆಯಾದರೂ ಗೋಡೆ ಎತ್ತುವಾಗ ಒಂದು ಬದಿ ತೆಳ್ಳಗಾಗಿ, ಇನ್ನೊಂದು ದಪ್ಪಗೆ ಉಳಿದು, ಬಾಯಿ ಸೊಟ್ಟಗೆ ತಿರುಗಿ ಎಲ್ಲವೂ ಕುಸಿಯುತ್ತದೆ. ಒಂದು ಸಂಜೆ ಸಲೀಸಾಗಿ ಬಂದದ್ದು ಮುಂದಿನ ಸಂಜೆ ಬರುವುದಿಲ್ಲ, ಏಕೆಂದರೆ ನಡುವಿನ ಆರು ದಿನ ಕೈ ಮಣ್ಣನ್ನೇ ಮುಟ್ಟಿರುವುದಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ನಮ್ಮಲ್ಲಿ ಕುಂಬಾರನಿಗೆ ಎರಡೇ ಅವಧಿ, ದೊಣ್ಣೆ ಕಚೇರಿಯ ಕೈಯಲ್ಲಿ.

ಇನ್ನು ಆ ನಮೂನೆ. ಪ್ರತಿ ತರಗತಿಯ ಕೊನೆಗೆ ‘ವೈಯಕ್ತಿಕ ಕಲಿಕಾ ಯೋಜನೆ’ ಎಂಬ ಹಾಳೆಯನ್ನು ತುಂಬಿಕೊಡಬೇಕು: ಇಂದಿನ ಗುರಿ, ಗುರಿ ತಲುಪಿದ್ದಕ್ಕೆ ಪುರಾವೆ, ಮುಂದಿನ ಗುರಿ, ಸಹಿ. ಎಷ್ಟೇ ತೊಳೆದುಕೊಂಡು ಬಂದರೂ ಉಗುರ ಸಂದಿಯ ಬಗ್ಗಡ ಹಾಳೆಗೆ ಹತ್ತಿಯೇ ಹತ್ತುತ್ತದೆ. ಒಮ್ಮೆ ‘ಪುರಾವೆ’ ಎಂಬ ಚೌಕದಲ್ಲಿ ಏನೂ ಬರೆಯದೆ ಹೆಬ್ಬೆರಳನ್ನೇ ಒತ್ತಿಕೊಟ್ಟೆ. ‘ಅಪೂರ್ಣ’ ಎಂಬ ಷರಾದೊಂದಿಗೆ ಹಾಳೆ ವಾಪಸ್ಸಾಯಿತು. ಎರಡು ಗಂಟೆಯ ತರಗತಿಯಲ್ಲಿ ಮಣ್ಣು ನಾದಲು, ಚಕ್ರ ತೊಳೆಯಲು, ನೆಲ ಒರೆಸಲು ಹೋದ ಮೇಲೆ ಉಳಿಯುವುದೇ ಒಂದು ಗಂಟೆ ಚಿಲ್ಲರೆ. ಅದರಲ್ಲಿ ಕಾಗದಕ್ಕೂ ಪಾಲು.

ಸಣ್ಣಪುಟ್ಟವು ಬೇಕಾದಷ್ಟಿವೆ. ಹೊರಗಿನ ಮಣ್ಣು ತರುವಂತಿಲ್ಲ. 25 ಸೆಂಟಿಮೀಟರಿಗಿಂತ ಎತ್ತರದ ಪಾತ್ರೆ ಮಾಡುವಂತಿಲ್ಲ. ನೆಲವನ್ನು ಪೊರಕೆಯಿಂದ ಗುಡಿಸುವಂತಿಲ್ಲ, ಒದ್ದೆ ಬಟ್ಟೆಯಿಂದಲೇ ಒರೆಸಬೇಕು. ಪಾತ್ರೆಯ ತಳಕ್ಕೆ ಒಂದು ಹನಿ ಗ್ಲೇಜ್, ಅಂದರೆ ಗಾಜಿನಂಥ ಹೊಳಪಿನ ಲೇಪ, ತಾಗಿದ್ದರೂ ಪಾತ್ರೆ ಸುಡುವ ಗೂಡಾದ ಕಿಲ್ನ್‌ಗೆ ಇಡುವುದಿಲ್ಲ. ಅವಧಿಯ ಕೊನೆಯ ಎರಡು ವಾರ ಹೊಸ ಪಾತ್ರೆ ಮಾಡುವಂತಿಲ್ಲ; ಶುಲ್ಕ ಮಾತ್ರ ಆ ವಾರಗಳಿಗೂ ಉಂಟು. ಶಿಕ್ಷಕಿ ಕೋಣೆಯಿಂದ ಹೊರಗೆ ಕಾಲಿಟ್ಟರೆ ಎಲ್ಲರೂ ಚಕ್ರ ನಿಲ್ಲಿಸಬೇಕು. ಗ್ರಂಥಾಲಯ ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಮೀಸಲು. ಕುಂಬಾರಿಕೆಯ ಪುಸ್ತಕಗಳೆಲ್ಲ ಅಲ್ಲಿವೆ, ಪೂರ್ಣಾವಧಿ ವಿದ್ಯಾರ್ಥಿಗಳಲ್ಲಿ ಒಬ್ಬರಿಗೂ ಕುಂಬಾರಿಕೆ ಪಾಠವಿಲ್ಲ.

ಶಿಕ್ಷಕಿ ಒಳ್ಳೆಯವರು, ಗಂಟೆಗಿಷ್ಟು ಎಂದು ದುಡಿಯುವವರು. ಅವರನ್ನು ಮುಂದಿಟ್ಟುಕೊಂಡು ಜಗಳವಾಡಿದರೆ ಪೆಟ್ಟು ಬೀಳುವುದು ಅವರಿಗೇ. ಹಾಗಾಗಿ ಕೇಳುತ್ತಿದ್ದೇನೆ: ಇಂಥ ಕಾಲೇಜುಗಳೊಂದಿಗೆ ಏಗಿದವರು ಯಾರಾದರೂ ಇದ್ದೀರಾ? ಮುಂದಿನ ಅವಧಿಯಲ್ಲೂ ಆ ಕೋಣೆಯೊಳಗೆ ಇರಲು ದಾರಿ ಯಾವುದು?

ನೇರಮಾತು ಉತ್ತರಿಸಿದ್ದಾರೆ:

ದಾರಿ ಸುಲಭ. ಕಾಲೇಜಿಗೆ ಕೈಮುಗಿದು, ಒಂದು ಚಕ್ರ ಕೊಂಡು ಮನೆಯ ಮೂಲೆಯಲ್ಲಿ ಹಾಕಿಕೊಳ್ಳಿ. ಮಾಡಿ ತೋರಿಸುವ ವಿಡಿಯೊಗಳು ಬೇಕಾದಷ್ಟಿವೆ. ನಮೂನೆಯೂ ಇಲ್ಲ, ಸಹಿಯೂ ಇಲ್ಲ. ವಯಸ್ಸಾದವರನ್ನು ಸಾಲಿನಲ್ಲಿ ನಿಲ್ಲಿಸಿ ಹಾಜರಿ ಕೂಗುವ ಜಾಗಕ್ಕೆ ದುಡ್ಡು ಕೊಟ್ಟು ಏಕೆ ಹೋಗಬೇಕೋ ನನಗೆ ತಿಳಿಯುವುದಿಲ್ಲ.

ಕಿಲ್ನ್ ಕಾವಲು ಉತ್ತರಿಸಿದ್ದಾರೆ:

ನೇರಮಾತು ಅವರೇ, ಚಕ್ರ ಕೊಳ್ಳುವುದು ಸುಲಭ. ಮಾಡಿದ್ದನ್ನು ಸುಡುವುದು ಎಲ್ಲಿ? ಮನೆಯಲ್ಲಿ ಕಿಲ್ನ್ ಇಡಬೇಕೆಂದರೆ ಅದಕ್ಕೆ ತಕ್ಕ ವಿದ್ಯುತ್ ಸಂಪರ್ಕ, ಗಾಳಿ ಹೊರಹೋಗುವ ವ್ಯವಸ್ಥೆ, ಸುತ್ತ ಖಾಲಿ ಜಾಗ ಎಲ್ಲವೂ ಬೇಕು. ಪಕ್ಕದಲ್ಲಿ ನಿಂತು ‘ಬಲ ಮೊಣಕೈ ಎತ್ತಿದ್ದೀರಿ, ಕೆಳಗಿಳಿಸಿ’ ಎಂದು ಹೇಳುವ ಶಿಕ್ಷಕಿ ವಿಡಿಯೊದಲ್ಲಿ ಸಿಗುವುದೂ ಇಲ್ಲ.

ಈಗ ಪ್ರಶ್ನೆ ಕೇಳಿದವರಿಗೆ. ನಾನು ಇಂಥದ್ದೇ ಕಾರ್ಯಾಗಾರವೊಂದರಲ್ಲಿ ತಂತ್ರಜ್ಞನಾಗಿದ್ದು ನಿವೃತ್ತನಾದವನು. ಕಿಲ್ನ್ ತುಂಬುವುದು, ಸುಡುವುದು, ಬೇರೆಯವರು ಕೆಡಿಸಿದ್ದನ್ನು ಉಳಿಯಿಂದ ಕೆರೆಯುವುದು ನನ್ನ ಕೆಲಸವಾಗಿತ್ತು. ನಿಮ್ಮ ಪಟ್ಟಿಯಲ್ಲಿ ಎರಡು ಜಾತಿಯ ನಿಯಮಗಳು ಕಲಸಿಹೋಗಿವೆ. ಕೆಲವನ್ನು ಬೆಂಕಿ ಮಾಡಿದೆ, ಕೆಲವನ್ನು ಕಚೇರಿ ಮಾಡಿದೆ. ಬೆಂಕಿಯ ಜೊತೆ ಚೌಕಾಸಿ ನಡೆಯುವುದಿಲ್ಲ. ಎರಡನ್ನೂ ಒಂದೇ ದೂರಿನಲ್ಲಿ ಸೇರಿಸಿ ಬರೆದರೆ ಕಚೇರಿಯವರು ಬೆಂಕಿಯ ನಿಯಮವನ್ನು ತೋರಿಸಿ, ‘ನೋಡಿ, ಇವರಿಗೆ ಸುರಕ್ಷತೆಯ ಗಂಧವಿಲ್ಲ’ ಎಂದು ಇಡೀ ದೂರನ್ನು ಪಕ್ಕಕ್ಕಿಡುತ್ತಾರೆ. ಮೊದಲು ಬೇರೆ ಮಾಡಿಕೊಳ್ಳಿ.

ಪೊರಕೆ ಬೇಡ ಎನ್ನುವುದು ಶುದ್ಧ ಆರೋಗ್ಯದ ವಿಷಯ. ಒಣಗಿದ ಮಣ್ಣಿನ ದೂಳಿನಲ್ಲಿ ಸಿಲಿಕಾ ಇರುತ್ತದೆ. ಗುಡಿಸಿದಾಗ ಏಳುವ ದೂಳಿನಲ್ಲಿ ಕಣ್ಣಿಗೆ ಕಾಣುವಷ್ಟು ದಪ್ಪದ್ದು ಬೇಗ ಕೆಳಗಿಳಿಯುತ್ತದೆ. ಕಾಣದಷ್ಟು ನಯವಾದದ್ದು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ವರ್ಷಾನುಗಟ್ಟಲೆ ಹೀಗೆ ಸೇರಿದರೆ ಬರುವುದು ಸಿಲಿಕೋಸಿಸ್, ಅದನ್ನು ಗುಣಪಡಿಸುವ ಮದ್ದಿಲ್ಲ. ವಾರಕ್ಕೊಮ್ಮೆ ಬರುವ ನಿಮಗಿಂತ ದಿನವಿಡೀ ಅಲ್ಲೇ ಇರುವ ಶಿಕ್ಷಕಿಗೆ ಅಪಾಯ ಹೆಚ್ಚು. ಒದ್ದೆ ಬಟ್ಟೆಯೇ ಸರಿ.

ಹೊರಗಿನ ಮಣ್ಣಿನ ವಿಷಯವೂ ಅಷ್ಟೇ. ಕೆಂಪು ಮಡಕೆಯ ಮಣ್ಣು ಸಾಮಾನ್ಯವಾಗಿ 1000ದಿಂದ 1150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹದಕ್ಕೆ ಬರುತ್ತದೆ, ಸುಟ್ಟಾಗ ಕಲ್ಲಿನಂತೆ ಗಟ್ಟಿಯಾಗುವ ಸ್ಟೋನ್‌ವೇರ್ ಮಣ್ಣಿಗೆ 1200ಕ್ಕೂ ಮೇಲೆ ಬೇಕು. ಎರಡನೆಯದಕ್ಕೆಂದು ಹೊತ್ತಿಸಿದ ಕಿಲ್ನ್‌ನಲ್ಲಿ ಮೊದಲನೆಯದನ್ನು ಇಟ್ಟರೆ ಅದು ಉಬ್ಬುತ್ತದೆ, ಬಾಗುತ್ತದೆ, ಕೆಲವೊಮ್ಮೆ ಕರಗಿ ಶೆಲ್ಫಿನ ಮೇಲೆ ಹರಿದೇ ಹೋಗುತ್ತದೆ. ಹಾಗೆ ಹರಿದದ್ದನ್ನು ಕೆರೆದವನು ನಾನು. ತಳಕ್ಕೆ ಗ್ಲೇಜ್ ತಾಗಬಾರದು ಎನ್ನುವುದೂ ಇದೇ ಕಾರಣಕ್ಕೆ. ಆ ಶಾಖದಲ್ಲಿ ಗ್ಲೇಜ್ ಎಂದರೆ ಕರಗಿದ ಗಾಜು; ತಣಿದಾಗ ಪಾತ್ರೆಯನ್ನೂ ಶೆಲ್ಫನ್ನೂ ಬೆಸೆದುಬಿಡುತ್ತದೆ. ಬಿಡಿಸಲು ಹೋದರೆ ಎರಡರಲ್ಲೊಂದು ಒಡೆಯುತ್ತದೆ. ತಳವನ್ನೂ, ತಳದಿಂದ ಮೇಲೆ ಕೆಲವು ಮಿಲಿಮೀಟರನ್ನೂ ಒದ್ದೆ ಸ್ಪಂಜಿನಿಂದ ಒರೆಸಿ ಕೊಡಿ. ಯಾವ ತಂತ್ರಜ್ಞನೂ ನಿಮ್ಮ ಪಾತ್ರೆಯನ್ನು ಹಿಂದಕ್ಕೆ ಕಳಿಸುವುದಿಲ್ಲ.

ಕೊನೆಯ ಎರಡು ವಾರದ ನಿಯಮಕ್ಕೆ ಸ್ವಲ್ಪ ಲೆಕ್ಕ ಬೇಕು, ನೀವು ಲೆಕ್ಕದವರೇ. ಪಾತ್ರೆ ಪೂರ್ತಿ ಒಣಗಲು ದಪ್ಪಕ್ಕೆ ತಕ್ಕಂತೆ ಒಂದು ವಾರವೇ ಹಿಡಿಯಬಹುದು. ಒಳಗೆ ಹಸಿ ಉಳಿದಿರುವಾಗ ಸುಟ್ಟರೆ 100 ಡಿಗ್ರಿ ದಾಟುತ್ತಿದ್ದಂತೆ ನೀರು ಆವಿಯಾಗುತ್ತದೆ. ನೀರು ಆವಿಯಾದಾಗ ಹಿಗ್ಗುವುದು ಸುಮಾರು 1700 ಪಟ್ಟು. ಗೋಡೆ ಸಿಡಿಯದೆ ಇನ್ನೇನಾಗುತ್ತದೆ? ಒಳಗೆ ಸಿಕ್ಕಿಬಿದ್ದ ಗಾಳಿಯ ಗುಳ್ಳೆಯಿಂದ ಪಾತ್ರೆ ಸಿಡಿಯುತ್ತದೆ ಎಂದು ತರಗತಿಗಳಲ್ಲಿ ಹೇಳುವುದುಂಟು, ಆದರೆ ನಿಜವಾದ ಅಪರಾಧಿ ಗಾಳಿಯಲ್ಲ, ತೇವ. ಸಿಡಿದ ಚೂರುಗಳು ಸುತ್ತಲಿನವರ ಪಾತ್ರೆಗಳನ್ನೂ ಹಾಳುಮಾಡುತ್ತವೆ. ಒಣಗಿದ ಮೇಲೂ ಅವಸರ ಮಾಡುವಂತಿಲ್ಲ, ಏಕೆಂದರೆ 573 ಡಿಗ್ರಿಯಲ್ಲಿ ಮಣ್ಣಿನೊಳಗಿನ ಕ್ವಾರ್ಟ್ಜ್ ಹರಳುಗಳು ರೂಪ ಬದಲಿಸಿ ತಟಕ್ಕನೆ ಹಿಗ್ಗುತ್ತವೆ, ತಣಿಯುವಾಗ ಅಲ್ಲೇ ಕುಗ್ಗುತ್ತವೆ. ಅಲ್ಲಿ ನಿಧಾನಿಸದಿದ್ದರೆ ಬಿರುಕು. ಬಿಸ್ಕ್ ಎನ್ನುವ ಮೊದಲ ಸುಡುವಿಕೆ ಸುಮಾರು 1000 ಡಿಗ್ರಿಗೆ, ಆಮೇಲೆ ಗ್ಲೇಜ್ ಹಚ್ಚಿ ಒಣಗಿಸುವುದು, ಸ್ಟೋನ್‌ವೇರ್ ಆದರೆ ಎರಡನೆಯದು 1220ರಿಂದ 1280ಕ್ಕೆ. ಪ್ರತಿ ಸಲವೂ ಕಿಲ್ನ್ ತಾನಾಗಿ ತಣಿಯುವವರೆಗೆ ಬಾಗಿಲು ತೆರೆಯುವಂತಿಲ್ಲ. ಹಿಂದಿನಿಂದ ಎಣಿಸಿದರೆ ಎರಡು ವಾರ ಹೆಚ್ಚೇನಲ್ಲ.

ಆದರೆ ಹೊಸ ಪಾತ್ರೆ ಸುಡಲಾಗದು ಎಂದರೆ ಚಕ್ರದ ಮೇಲೆ ಕೂರಲಾಗದು ಎಂದಲ್ಲ. ಇಲ್ಲಿ ನಿಮ್ಮ ಕಾಲೇಜು ಬೆಂಕಿಯ ನಿಯಮವನ್ನು ಅಗತ್ಯಕ್ಕಿಂತ ಹಿಗ್ಗಿಸಿದೆ. ಆ ಎರಡು ವಾರ ಮಾಡಿದ್ದನ್ನೆಲ್ಲ ಬಕೆಟ್ಟಿಗೆ ಮರಳಿಸುವ ಷರತ್ತಿನ ಮೇಲೆ ಚಕ್ರ ಬಳಸಲು ಕೇಳಿ. ನನ್ನ ಕೇಳಿದರೆ ಇಡೀ ಅವಧಿಯಲ್ಲಿ ಹೆಚ್ಚು ಕಲಿಯುವುದು ಆ ಎರಡು ವಾರಗಳಲ್ಲೇ. ಬಟ್ಟಲು ಎತ್ತಿ, ಇನ್ನೂ ಹಸಿಯಿರುವಾಗಲೇ ತಂತಿಯಿಂದ ಮೇಲಿನಿಂದ ಕೆಳಗೆ ಸೀಳಿ, ಎರಡು ಹೋಳು ಮಾಡಿ ನೋಡಿ. ಗೋಡೆ ಎಲ್ಲಿ ದಪ್ಪ, ಎಲ್ಲಿ ತೆಳು, ತಳದ ಮೂಲೆಯಲ್ಲಿ ಎಷ್ಟು ಮಣ್ಣು ಎತ್ತದೆ ಬಿಟ್ಟಿದ್ದೀರಿ ಎಂಬುದೆಲ್ಲ ಅಲ್ಲಿ ಬಯಲಾಗುತ್ತದೆ. ಹೊಸಬರಲ್ಲಿ ಬಹುತೇಕ ಎಲ್ಲರೂ ಮಣ್ಣನ್ನು ಬಿಡುವುದು ಆ ಮೂಲೆಯಲ್ಲೇ. ಮಾಡಿದ್ದೆಲ್ಲವನ್ನೂ ಮನೆಗೆ ಒಯ್ಯಬೇಕೆನ್ನುವವರು ಹೀಗೆ ಸೀಳಲು ಒಪ್ಪುವುದಿಲ್ಲ, ಅದಕ್ಕೇ ಅವರ ಪಾತ್ರೆಗಳು ಭಾರ.

ಎತ್ತರದ ಮಿತಿ ಅರ್ಧ ಬೆಂಕಿ, ಅರ್ಧ ಕಚೇರಿ. ಕಿಲ್ನ್‌ನಲ್ಲಿ ಎಲ್ಲರ ಕೆಲಸ ಹಿಡಿಯಬೇಕಲ್ಲ. ಶಿಕ್ಷಕಿ ಹೊರಗೆ ಹೋದಾಗ ಚಕ್ರ ನಿಲ್ಲಿಸುವುದು, ಗ್ರಂಥಾಲಯ, ನಮೂನೆ, ಎರಡು ಅವಧಿಯ ಮಿತಿ ಇವೆಲ್ಲ ಅಪ್ಪಟ ಕಚೇರಿ. ಜಗಳವಾಡುವುದಾದರೆ ಅಲ್ಲಿ ಆಡಿ.

ಹಳೆಯ ಗುಮಾಸ್ತೆ ಉತ್ತರಿಸಿದ್ದಾರೆ:

ಕಚೇರಿಯ ಪರವಾಗಿ ಮಾತಾಡಲು ಒಬ್ಬರಾದರೂ ಬೇಡವೇ! ವಯಸ್ಕರ ಶಿಕ್ಷಣ ವಿಭಾಗವೊಂದರಲ್ಲಿ ಪ್ರವೇಶಾತಿಯ ಕಡತಗಳನ್ನು ನೋಡಿಕೊಳ್ಳುತ್ತಿದ್ದೆ. ಎರಡು ಅವಧಿಯ ಮಿತಿಯನ್ನು ನಿಮ್ಮ ಮೇಲಿನ ದ್ವೇಷದಿಂದ ಯಾರೂ ಮಾಡಿರುವುದಿಲ್ಲ. ನಾನಿದ್ದ ಕಡೆ ಅದು ಹುಟ್ಟಿದ್ದು ಅನುದಾನದಿಂದ. ಹಣ ಕೊಡುವವರು ಕೇಳುವುದು ಒಂದೇ: ಈ ವ್ಯಕ್ತಿ ಮುಂದೆ ಹೋದರೇ? ಒಬ್ಬರೇ ಒಂದೇ ಸಂಕೇತದ ಕೋರ್ಸಿಗೆ ಮತ್ತೆ ಮತ್ತೆ ಸೇರಿದರೆ ಲೆಕ್ಕ ತಪಾಸಣೆಯವರ ಕಣ್ಣಿಗೆ ಅವರು ಏನನ್ನೂ ಕಲಿಯುತ್ತಿಲ್ಲ. ಕೈಗೆ ಹದ ಹತ್ತುವುದು ಎಂಬುದಕ್ಕೆ ಅವರ ಪಟ್ಟಿಯಲ್ಲಿ ಕಲಮೇ ಇಲ್ಲ. ಆ ನಮೂನೆ ಹುಟ್ಟಿದ್ದೂ ಅಲ್ಲಿಂದಲೇ; ಶಿಕ್ಷಕಿಗೂ ಅದು ತಲೆನೋವೇ ಆಗಿರುತ್ತದೆ.

ಆದ್ದರಿಂದ ಒಂದು ವಿಷಯ ಗಮನಿಸಿ: ಜಾಲತಾಣ ತಳ್ಳಿಹಾಕುತ್ತಿರುವುದು ನಿಮ್ಮನ್ನಲ್ಲ, ಕೋರ್ಸಿನ ಸಂಕೇತವನ್ನು. ಒಂದೇ ಕೋಣೆ, ಒಂದೇ ವೇಳೆ, ಒಬ್ಬರೇ ಶಿಕ್ಷಕಿ, ಆದರೆ ಎರಡು ಸಂಕೇತ ಎಂಬ ಏರ್ಪಾಡು ಸಾಧ್ಯ. ಹೊಸಬರು ಒಂದು ಸಂಕೇತದಲ್ಲಿ, ನಿಮ್ಮಂಥವರು ಇನ್ನೊಂದರಲ್ಲಿ. ಮಿಶ್ರ ಹಂತದ ತರಗತಿ ಎಂದು ಕೇಳಿ. ಕನಿಷ್ಠ ಸಂಖ್ಯೆಯನ್ನು ಎರಡೂ ಸೇರಿಸಿ ಎಣಿಸುವುದರಿಂದ ಮಧ್ಯಮ ಹಂತಕ್ಕೆ ಮೂವರೇ ಇದ್ದರೂ ರದ್ದಾಗುವುದಿಲ್ಲ. ನಾನಿದ್ದ ಕಡೆ ಕುಂಬಾರಿಕೆ, ನೇಯ್ಗೆ, ಬೆಳ್ಳಿಗೆಲಸ ಮೂರೂ ಹೀಗೆಯೇ ಉಳಿದವು.

ಕೇಳುವ ಹೊತ್ತು ಮುಖ್ಯ. ಪ್ರವೇಶ ಶುರುವಾದ ಮೇಲೆ ಬಂದು ಮೇಜು ಕುಟ್ಟಿದರೆ ಗುಮಾಸ್ತೆಯ ಕೈಯಲ್ಲಿ ಏನೂ ಇರುವುದಿಲ್ಲ, ಬೈಸಿಕೊಳ್ಳುವುದಷ್ಟೇ ಬಾಕಿ. ಮುಂದಿನ ಅವಧಿಯ ವೇಳಾಪಟ್ಟಿ ಅಂತಿಮವಾಗುವ ಮುನ್ನ ಸಂಯೋಜಕರಿಗೆ ಒಂದೇ ಪುಟದ ಪತ್ರ ಕೊಡಿ. ಅದರಲ್ಲಿ ಅಸಮಾಧಾನ ಬೇಡ. ಯಾರ್ಯಾರು ಮಧ್ಯಮ ಹಂತಕ್ಕೆ ಸೇರಲು ಸಿದ್ಧ, ಅವರ ಹೆಸರು ಮತ್ತು ಸಹಿ, ಹೆಚ್ಚುವರಿ ಕೋಣೆಯಾಗಲೀ ಶಿಕ್ಷಕರಾಗಲೀ ಬೇಡ ಎಂಬ ಒಂದು ಸಾಲು. ಆ ಕೊನೆಯ ಸಾಲನ್ನು ಓದುವಾಗ ಸಂಯೋಜಕರ ಮುಖ ಅರಳುವುದನ್ನು ನಾನೇ ಕಂಡಿದ್ದೇನೆ.

ನಮೂನೆಯನ್ನು ತರಗತಿಯ ಕೊನೆಗೆ ತುಂಬಬೇಡಿ, ಮನೆಯಲ್ಲೇ ಗುರಿ ಬರೆದುಕೊಂಡು ಬನ್ನಿ. ‘ಚಕ್ರದ ಅಭ್ಯಾಸ’ ಎಂದು ಬರೆದರೆ ಅಪೂರ್ಣ. ‘ಒಂದೇ ತೂಕದ ಮಣ್ಣಿನಿಂದ ಒಂದೇ ಎತ್ತರದ, ಒಂದೇ ಅಗಲದ ನಾಲ್ಕು ಬಟ್ಟಲು’ ಎಂದು ಬರೆದರೆ ಗುರಿ. ಮುಂದಿನದು ‘ಮುಚ್ಚಳ ಕೂರುವ ಪಾತ್ರೆ’, ಅದರ ಮುಂದಿನದು ‘ಸುರಿದ ಮೇಲೆ ಮೂತಿಯಿಂದ ಹನಿ ಇಳಿಯದ ಹೂಜಿ’. ಇವೆಲ್ಲ ನೀವು ಹೇಗೂ ಮಾಡುವ ಕೆಲಸವೇ. ಪುರಾವೆಗೆ ಮೊಬೈಲಿನಲ್ಲಿ ತೆಗೆದ ಚಿತ್ರ ಸಾಕು. ಕಿಲ್ನ್ ಕಾವಲು ಅವರು ಹೇಳಿದಂತೆ ಸೀಳಿದ ಬಟ್ಟಲಿನದಾದರೆ ಇನ್ನೂ ಒಳ್ಳೆಯದು. ಹೆಬ್ಬೆರಳಿನ ಗುರುತು ನನಗೆ ಬಂದಿದ್ದರೆ ನಾನು ಮಾನ್ಯ ಮಾಡುತ್ತಿದ್ದೆ ಎಂಬುದು ಬೇರೆ ಮಾತು.

ಇಂಥ ಹಾಳೆಗಳನ್ನು ವಯಸ್ಕರ ಶಿಕ್ಷಣದ ಹಿರಿಯರು ಕಂಡರೆ ಏನೆನ್ನುತ್ತಿದ್ದರೋ. ಡೆನ್ಮಾರ್ಕಿನ ಪಾದ್ರಿ, ಕವಿ ಗ್ರುಂಟ್ವಿಗ್ ಅವರ ಚಿಂತನೆಯಿಂದ ಹುಟ್ಟಿದ ಮೊದಲ ಜನಪದ ಪ್ರೌಢಶಾಲೆ ಶುರುವಾದದ್ದು 1844ರಲ್ಲಿ, ಈಗ ಡೆನ್ಮಾರ್ಕಿನಲ್ಲಿರುವ ರೋಡಿಂಗ್ ಎಂಬ ಊರಿನಲ್ಲಿ. ವಯಸ್ಸಿಗೆ ಬಂದವರು ಬದುಕಿಗಾಗಿ ಕಲಿಯಬೇಕು, ಪರೀಕ್ಷೆಗಾಗಿ ಅಲ್ಲ ಎಂಬುದು ಆ ಪರಂಪರೆಯ ಬುನಾದಿ. ಇದನ್ನು ನಾನು ಓದಿದ್ದು ಕಚೇರಿಯ ಮೇಜಿನಲ್ಲೇ, ಅಪೂರ್ಣ ಎಂಬ ಮುದ್ರೆಯ ಪಕ್ಕದಲ್ಲಿ.

ಸರತಿಯಲ್ಲಿದ್ದೇನೆ ಉತ್ತರಿಸಿದ್ದಾರೆ:

ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ, ನನ್ನದೂ ಕೇಳಿ. ಇಂಥದ್ದೇ ಒಂದು ಕೋರ್ಸಿನ ಕಾಯುವ ಪಟ್ಟಿಯಲ್ಲಿ ನನ್ನ ಹೆಸರು ಇದೆ. ಪ್ರತಿ ಅವಧಿಯಲ್ಲೂ ಜಾಗ ಇಲ್ಲ ಎನ್ನುತ್ತಾರೆ, ಏಕೆಂದರೆ ಹಳಬರು ಏಳುವುದೇ ಇಲ್ಲ. ಅಲ್ಲಿ ಎರಡು ಅವಧಿಯ ಮಿತಿ ಇಲ್ಲ, ಇದ್ದಿದ್ದರೆ ಈ ಹೊತ್ತಿಗೆ ನಾನು ಒಳಗಿರುತ್ತಿದ್ದೆ. ಸಾರ್ವಜನಿಕ ಹಣದಲ್ಲಿ ನಡೆಯುವ ತರಗತಿ ಒಂದಷ್ಟು ಜನರ ಸ್ವಂತ ಕ್ಲಬ್ಬಾಗುವುದು ಯಾವ ನ್ಯಾಯ?

ಮಣ್ಣಿನ ಕೈ ಉತ್ತರಿಸಿದ್ದಾರೆ:

ಸರತಿಯಲ್ಲಿದ್ದೇನೆ ಅವರೇ, ನಿಮ್ಮ ಸಿಟ್ಟು ನ್ಯಾಯವಾದದ್ದು, ಆದರೆ ನನ್ನ ಕಾಲೇಜಿನ ಮಟ್ಟಿಗೆ ಗುರಿ ತಪ್ಪಿದೆ. ನಮ್ಮಲ್ಲಿ ಈ ಅವಧಿಯಲ್ಲಿ ಮೂರು ಚಕ್ರಗಳು ಖಾಲಿ ನಿಂತಿವೆ. ಖಾಲಿ ಚಕ್ರದ ಪಕ್ಕದಲ್ಲಿ ನಿಂತು ‘ನಿಮಗೆ ಜಾಗವಿಲ್ಲ’ ಎನ್ನುವುದನ್ನು ನಾನು ಒಪ್ಪಲಾರೆ. ಕಾಯುವ ಪಟ್ಟಿ ಇದ್ದರೆ ಮೊದಲು ಹೊಸಬರಿಗೆ ಕೊಡಲಿ, ಉಳಿದ ಜಾಗಕ್ಕೆ ಹಳಬರನ್ನು ಕರೆಯಲಿ. ಅಂಥ ನಿಯಮಕ್ಕೆ ನಾನೇ ಮೊದಲು ಸಹಿ ಹಾಕುತ್ತೇನೆ. ಇನ್ನೊಂದು ಮಾತು: ಹೊಸಬರ ತರಗತಿಯಲ್ಲಿ ಇಬ್ಬರು ಹಳಬರಿದ್ದರೆ ಶಿಕ್ಷಕಿ ಒಂದು ಮೂಲೆಯಲ್ಲಿರುವಾಗ ಇನ್ನೊಂದು ಮೂಲೆಯಲ್ಲಿ ಕುಸಿಯುತ್ತಿರುವ ಪಾತ್ರೆಯನ್ನು ಹಿಡಿಯುವವರು ಅವರೇ. ನನಗೆ ಮಣ್ಣು ನಾದುವುದನ್ನು ಸರಿಯಾಗಿ ತೋರಿಸಿಕೊಟ್ಟದ್ದು ಪಕ್ಕದ ಮೇಜಿನ ನಿವೃತ್ತ ನರ್ಸ್. ಮಿತಿ ಮುಗಿದು ಅವರೂ ಹೊರಗೆ ಹೋದರು.

ಕಿಲ್ನ್ ಕಾವಲು ಅವರೇ, ಪೊರಕೆಯ ಬಗ್ಗೆ ಯಾರೂ ಇಷ್ಟು ಬಿಡಿಸಿ ಹೇಳಿರಲಿಲ್ಲ. ಗೋಡೆಗೆ ‘ಗುಡಿಸಬಾರದು’ ಎಂಬ ಫಲಕ ತೂಗುಹಾಕುವ ಬದಲು ಒಂದು ಸಾಲು ಕಾರಣ ಬರೆದಿದ್ದರೆ ಅರ್ಧ ಗೊಣಗಾಟ ತಪ್ಪುತ್ತಿತ್ತು. ಗುಮಾಸ್ತೆಯವರ ಎರಡು ಸಂಕೇತದ ಉಪಾಯ ನನಗೆ ಬಹಳ ಹಿಡಿಸಿತು. ಲೆಕ್ಕದಲ್ಲೂ ಹಾಗೆಯೇ, ಒಂದೇ ಖರ್ಚನ್ನು ಯಾವ ಶೀರ್ಷಿಕೆಯಡಿ ಬರೆಯುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿರುತ್ತದೆ.

ಪುಸ್ತಕದ ಬೆನ್ನು ಉತ್ತರಿಸಿದ್ದಾರೆ:

ನನ್ನದು ಪುಸ್ತಕ ಕಟ್ಟುವ ತರಗತಿ. ನಮ್ಮಲ್ಲಿ ಚರ್ಮ ತೆಳುಮಾಡುವ ಚಾಕುಗಳನ್ನು ತರಗತಿಯ ಮೊದಲೂ ಕೊನೆಗೂ ಎಣಿಸಿ ಬೀಗ ಹಾಕುತ್ತಾರೆ. ಅದಕ್ಕೆ ಯಾರೂ ಗೊಣಗುವುದಿಲ್ಲ, ಆ ಅಲಗಿನ ಹರಿತ ನೋಡಿದವರಿಗೆ ಕಾರಣ ಬೇಕಿಲ್ಲ. ನಮ್ಮನ್ನು ಕಾಡಿದ್ದು ಇದೇ ಮಿತಿ. ಕೋರ್ಸು ಮುಗಿಸಿದವರೆಲ್ಲ ಸೇರಿ ಸಂಘವೊಂದನ್ನು ಕಟ್ಟಿಕೊಂಡೆವು. ತರಗತಿ ಇಲ್ಲದ ಸಂಜೆ ಕಾರ್ಯಾಗಾರವನ್ನು ಬಾಡಿಗೆಗೆ ಪಡೆಯುತ್ತೇವೆ, ಕಾಲೇಜಿನ ತಂತ್ರಜ್ಞರೊಬ್ಬರು ಇರಬೇಕೆಂಬ ಷರತ್ತಿನ ಮೇಲೆ. ಪಾಠವಿಲ್ಲ, ಆದ್ದರಿಂದ ನಮೂನೆಯೂ ಇಲ್ಲ. ವಿಮೆಯ ಕಾಗದಕ್ಕೆ ಓಡಾಡಿದ್ದೇ ದೊಡ್ಡ ಕೆಲಸವಾಯಿತು. ಅದನ್ನು ಮೊದಲು ವಿಚಾರಿಸಿ, ಆಮೇಲೆ ಜನ ಸೇರಿಸಿ. ಗ್ರಂಥಾಲಯದ ಬಗ್ಗೆ: ಪುಸ್ತಕ ಮನೆಗೆ ಕೊಡಲಾಗದಿದ್ದರೂ ಅಲ್ಲೇ ಕುಳಿತು ಓದುವ ಚೀಟಿ ಕೊಡಲು ಕೇಳಿ. ನಮಗೆ ಅದು ಸಿಕ್ಕಿತು, ಕೇಳಿದವರೇ ಇರಲಿಲ್ಲವಂತೆ.

ಮಣ್ಣಿನ ಕೈ ಉತ್ತರಿಸಿದ್ದಾರೆ:

ಪತ್ರ ಸಿದ್ಧವಾಗಿದೆ, ಒಂದೇ ಪುಟ. ನಮ್ಮ ತರಗತಿಯ ಐವರು ಸಹಿ ಹಾಕಿದ್ದಾರೆ, ನಿವೃತ್ತ ನರ್ಸ್ ಕೂಡ. ‘ಹೆಚ್ಚುವರಿ ಕೋಣೆ, ಹೆಚ್ಚುವರಿ ಶಿಕ್ಷಕರು ಬೇಡ’ ಎಂಬ ಸಾಲನ್ನು ಮೊದಲಿಗೇ ಬರೆದಿದ್ದೇನೆ. ಕೊನೆಯ ಎರಡು ವಾರ ಬಕೆಟ್ಟಿಗೆ ಮರಳಿಸುವ ಷರತ್ತಿನ ಮೇಲೆ ಚಕ್ರ ಬಳಸುವ ಬಗ್ಗೆ ಶಿಕ್ಷಕಿಯನ್ನೇ ಕೇಳಿದೆ. ಅದಕ್ಕೆ ಯಾರ ಅಪ್ಪಣೆಯೂ ಬೇಡ ಎಂದು ಅವತ್ತೇ ತಂತಿ ಕೈಗೆ ಕೊಟ್ಟರು. ನಾಲ್ಕು ಬಟ್ಟಲು ಸೀಳಿದೆ. ಎಲ್ಲದರಲ್ಲೂ ತಳದ ಮೂಲೆಯಲ್ಲಿ ಬೆರಳು ಗಾತ್ರದ ಮಣ್ಣು ಹಾಗೆಯೇ ಕುಳಿತಿತ್ತು. ಚಿತ್ರ ತೆಗೆದು ಹಾಳೆಗೆ ಅಂಟಿಸಿದ್ದೇನೆ, ಇನ್ನೂ ವಾಪಸ್ ಬಂದಿಲ್ಲ.

ಮುಂದಿನ ಗುರಿಯ ಚೌಕದಲ್ಲಿ ‘ಮುಚ್ಚಳ ಕೂರುವ ಪಾತ್ರೆ’ ಎಂದು ಬರೆದುಬಿಟ್ಟಿದ್ದೇನೆ. ಈಗ ಅದನ್ನು ಮಾಡಬೇಕಲ್ಲ. ಕಿಲ್ನ್ ಕಾವಲು ಅವರೇ, ಮುಚ್ಚಳವನ್ನು ಬೇರೆಯಾಗಿ ಸುಡಬೇಕೇ, ಪಾತ್ರೆಯ ಮೇಲಿಟ್ಟೇ ಸುಡಬೇಕೇ?

ಕಿಲ್ನ್ ಕಾವಲು ಉತ್ತರಿಸಿದ್ದಾರೆ:

ಎರಡನ್ನೂ ಒಂದೇ ದಿನ, ಒಂದೇ ಮಣ್ಣಿನಿಂದ ಮಾಡಿ, ಹಸಿಯಿರುವಾಗಲೇ ಅಳತೆ ಹಿಡಿಯಿರಿ. ಸ್ಟೋನ್‌ವೇರ್ ಮಣ್ಣು ಹಸಿಯಿಂದ ಕೊನೆಯ ಸುಡುವಿಕೆಯವರೆಗೆ ಸುಮಾರು ನೂರಕ್ಕೆ ಹತ್ತರಿಂದ ಹದಿಮೂರರಷ್ಟು ಕುಗ್ಗುತ್ತದೆ. ಒಂದು ಒಣಗಿ ಇನ್ನೊಂದು ಹಸಿಯಿರುವಾಗ ಅಳೆದರೆ ಮುಚ್ಚಳ ಕೂರುವುದಿಲ್ಲ. ಒಣಗಿಸುವಾಗಲೂ ಬಿಸ್ಕ್ ಮಾಡುವಾಗಲೂ ಮುಚ್ಚಳ ಪಾತ್ರೆಯ ಮೇಲೆಯೇ ಇರಲಿ, ಆಗ ಬಾಯಿ ಎತ್ತ ಬಾಗಿದರೂ ಎರಡೂ ಒಟ್ಟಿಗೆ ಬಾಗುತ್ತವೆ. ಗ್ಲೇಜ್ ಹಚ್ಚುವ ಮುನ್ನ ಎರಡೂ ತಾಗುವ ಅಂಚಿಗೆ ಮೇಣ ಬಳಿಯಿರಿ, ಮೇಣಕ್ಕೆ ಸ್ವಲ್ಪ ಅಲ್ಯುಮಿನಾ ಪುಡಿ ಬೆರೆಸಿಕೊಳ್ಳಿ. ನಿಮ್ಮ ತಂತ್ರಜ್ಞರ ಬಳಿ ಇರುತ್ತದೆ, ಕೇಳಿದರೆ 1250 ಡಿಗ್ರಿಗಾದರೂ ಮುಚ್ಚಳ ಅಂಟಿಕೊಳ್ಳದಂತೆ ಹದಮಾಡಿ ಕೊಡುತ್ತಾರೆ. ಹಿಡಿಕೆಯನ್ನು ಮಾತ್ರ ದೊಡ್ಡದು ಮಾಡಬೇಡಿ, ಆ ಭಾರಕ್ಕೆ ಮುಚ್ಚಳದ ನಡು ಕಿಲ್ನ್ ಒಳಗೆ ತಗ್ಗುತ್ತದೆ.